ಮುಟ್ಟಲಾಗದ ಯಂತ್ರಗಳ ಆರೈಕೆ

ಹೊರಗ್ರಹಗಳಿಗೆ ಹೋದ ಗಗನನೌಕೆಗಳ ಮಾತು ಬಂದಾಗಲೆಲ್ಲ ಅವು ಕಳಿಸಿಕೊಟ್ಟ ಚಿತ್ರಗಳೇ ಮೊದಲು ಕಣ್ಣಿಗೆ ಕಟ್ಟುತ್ತವೆ. ಗುರುಗ್ರಹದ ಕೆಂಪು ಸುಳಿ, ಶನಿಯ ಬಳೆಗಳ ಲೆಕ್ಕವಿಲ್ಲದ ಎಳೆಗಳು, ಪ್ಲೂಟೊ ಮೇಲಿನ ಹೃದಯಾಕಾರದ ಹಿಮಬಯಲು, ಇವನ್ನು ಎಷ್ಟು ಬಾರಿ ನೋಡಿದರೂ ನನಗೆ ಬೇಸರವಾಗಿಲ್ಲ. ಆದರೆ ಈ ಯಾನಗಳ ಚರಿತ್ರೆಯನ್ನು ಓದುತ್ತ ಹೋದಂತೆ ನನ್ನ ಗಮನ ನಿಧಾನವಾಗಿ ಬೇರೊಂದು ಕಡೆಗೆ ಸರಿಯಿತು. ಪ್ರಸಿದ್ಧವಾದ ಚಿತ್ರಗಳಲ್ಲಿ ಹೆಚ್ಚಿನವುಗಳ ಹಿಂದೆ ಕೆಟ್ಟುಹೋದ ಒಂದು ಭಾಗವಿದೆ. ಅದನ್ನು ಮುಟ್ಟದೆ, ಕಣ್ಣಿಂದ ಕಾಣದೆ, ಕೋಟ್ಯಂತರ ಕಿಲೋಮೀಟರ್ ದೂರದಿಂದ ಸರಿಪಡಿಸಿದ ಅಥವಾ ಅದಿಲ್ಲದೆಯೇ ಕೆಲಸ ಸಾಗಿಸಿದ ಜನರಿದ್ದಾರೆ. ಹೊರಗ್ರಹಗಳ ಅನ್ವೇಷಣೆಯಲ್ಲಿ ಮನುಷ್ಯ ಗಳಿಸಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ದೂರದಿಂದಲೇ ಮಾಡುವ ಈ ಆರೈಕೆಯ ವಿದ್ಯೆ ಎಂದು ನಾನು ನಂಬಿದ್ದೇನೆ. ಆ ನಂಬಿಕೆ ಎಲ್ಲಿಂದ ಬಂತೆಂಬುದನ್ನು ಇಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ದೂರದ ಮಾತು. ಭೂಮಿಯಿಂದ ಹೊರಟ ರೇಡಿಯೊ ಸಂಕೇತ ಬೆಳಕಿನ ವೇಗದಲ್ಲೇ ಸಾಗಿದರೂ ಗುರುವನ್ನು ಮುಟ್ಟಲು ಸುಮಾರು 35ರಿಂದ 52 ನಿಮಿಷ ಬೇಕು. ಶನಿಗೆ ಒಂದೂಕಾಲು ಗಂಟೆಯ ಆಸುಪಾಸು, ಯುರೇನಸ್‌ಗೆ ಎರಡೂವರೆ ಗಂಟೆಗೂ ಹೆಚ್ಚು, ನೆಪ್ಚೂನ್‌ಗೆ ನಾಲ್ಕು ಗಂಟೆ. ನೌಕೆಯಲ್ಲಿ ಏನೋ ಕೆಟ್ಟಿದೆ ಎಂದು ನಮಗೆ ತಿಳಿಯುವ ಹೊತ್ತಿಗೆ ಅದು ಕೆಟ್ಟು ಗಂಟೆಗಳೇ ಕಳೆದಿರುತ್ತವೆ, ನಮ್ಮ ಉತ್ತರ ಅಲ್ಲಿಗೆ ಮುಟ್ಟಲು ಮತ್ತಷ್ಟು ಗಂಟೆಗಳು ಬೇಕು. ಆದ್ದರಿಂದ ಇಂಥ ಯಂತ್ರವನ್ನು ಯಾರೂ ಕೂತು ನಡೆಸಲಾರರು. ಅಪಾಯ ಕಂಡರೆ ಅನಗತ್ಯ ಉಪಕರಣಗಳನ್ನು ಆರಿಸಿ, ಆಂಟೆನಾವನ್ನು ಭೂಮಿಯತ್ತ ತಿರುಗಿಸಿ, ಆದೇಶಕ್ಕಾಗಿ ಕಾಯಬೇಕೆಂಬುದನ್ನು ಅದಕ್ಕೆ ಮೊದಲೇ ಕಲಿಸಿಟ್ಟಿರಬೇಕು. ಅಷ್ಟನ್ನು ಅದು ಮಾಡಿದ ಮೇಲೆ ಭೂಮಿಯ ಮೇಲಿನವರ ಕೆಲಸ ಶುರುವಾಗುತ್ತದೆ. ಅವರ ಕೈಯಲ್ಲಿರುವುದು ಒಂದಿಷ್ಟು ಅಂಕಿಗಳು ಮಾತ್ರ: ಇಷ್ಟು ವೋಲ್ಟ್, ಇಷ್ಟು ಉಷ್ಣಾಂಶ, ಮೋಟಾರು ಇಷ್ಟು ವಿದ್ಯುತ್ ಎಳೆಯಿತು. ಉಳಿದದ್ದೆಲ್ಲ ಊಹೆ, ಲೆಕ್ಕಾಚಾರ ಮತ್ತು ತಾಳ್ಮೆ.

ವಾಯೇಜರ್ 2 ನೌಕೆಯ ಕಥೆಯನ್ನೇ ನೋಡಿ. 1977ರ ಆಗಸ್ಟ್ 20ರಂದು ಉಡಾವಣೆಯಾದ ಈ ನೌಕೆ ಅಧಿಕೃತವಾಗಿ ಹೊರಟದ್ದು ಗುರು ಮತ್ತು ಶನಿಗಳಿಗೆ ಮಾತ್ರ. ನಾಲ್ಕೂ ದೈತ್ಯ ಗ್ರಹಗಳು ಒಂದರ ನಂತರ ಒಂದು ದಾರಿಯಲ್ಲೇ ಸಿಗುವಂಥ ಜೋಡಣೆ ಸುಮಾರು 176 ವರ್ಷಗಳಿಗೊಮ್ಮೆ ಬರುತ್ತದೆ. ಅಂಥದೊಂದು ಅವಕಾಶ ಎಪ್ಪತ್ತರ ದಶಕದ ಕೊನೆಯಲ್ಲಿ ಒದಗಲಿದೆ ಎಂಬುದನ್ನು 1965ರಲ್ಲಿ ಅಮೆರಿಕದ ಎಂಜಿನಿಯರ್ ಗ್ಯಾರಿ ಫ್ಲಾಂಡ್ರೊ ಲೆಕ್ಕಹಾಕಿ ತೋರಿಸಿದ್ದರು. ನಾಲ್ಕನ್ನೂ ನೋಡಿಬರುವ ದೊಡ್ಡ ಯೋಜನೆಗೆ ಹಣ ಸಿಗಲಿಲ್ಲ, ಆದರೆ ದಾರಿ ತೆರೆದೇ ಇತ್ತು. ಆ ದಾರಿಯಲ್ಲಿ ಹೊರಟು ವರ್ಷ ತುಂಬುವ ಮೊದಲೇ, 1978ರ ಏಪ್ರಿಲ್‌ನಲ್ಲಿ, ವಾಯೇಜರ್ 2 ಬಹುಮಟ್ಟಿಗೆ ಕಿವುಡಾಯಿತು. ಭೂಮಿಯಿಂದ ಒಂದು ವಾರ ಯಾವ ಆದೇಶವೂ ಬಾರದೇ ಹೋದದ್ದರಿಂದ ತನ್ನ ಗ್ರಾಹಕವೇ (ರೇಡಿಯೊ ಸಂಕೇತವನ್ನು ಹಿಡಿಯುವ ಭಾಗ) ಕೆಟ್ಟಿರಬೇಕೆಂದು ಭಾವಿಸಿದ ನೌಕೆಯ ಕಂಪ್ಯೂಟರ್ ತಾನಾಗಿಯೇ ಬದಲಿ ಗ್ರಾಹಕಕ್ಕೆ ಹೊರಳಿತು. ಬದಲಿ ಗ್ರಾಹಕದಲ್ಲಿ ಒಂದು ಕೆಪಾಸಿಟರ್ ಕೆಟ್ಟಿತ್ತು. ಮತ್ತೆ ಮೊದಲಿನದಕ್ಕೆ ಮರಳಿದಾಗ ಸ್ವಲ್ಪ ಹೊತ್ತಿನಲ್ಲೇ ಅದು ಶಾಶ್ವತವಾಗಿ ನಿಂತುಹೋಯಿತು.

ಉಳಿದದ್ದು ಆ ಅರೆಕಿವುಡು ಗ್ರಾಹಕವೊಂದೇ. ಸಾಮಾನ್ಯವಾಗಿ ಗ್ರಾಹಕವು ಬರುವ ಸಂಕೇತದ ಆವರ್ತನ ಸ್ವಲ್ಪ ಅತ್ತಿತ್ತ ಸರಿದರೂ ಅದನ್ನು ಹಿಂಬಾಲಿಸಿ ಹಿಡಿಯುತ್ತದೆ. ಭೂಮಿ ತಿರುಗುತ್ತಿರುವುದರಿಂದ, ನೌಕೆ ಓಡುತ್ತಿರುವುದರಿಂದ, ಡಾಪ್ಲರ್ ಪರಿಣಾಮದಿಂದಾಗಿ ಆವರ್ತನ ಸದಾ ಸರಿಯುತ್ತಲೇ ಇರುತ್ತದೆ. ವಾಯೇಜರ್ 2 ಆ ಶಕ್ತಿಯನ್ನು ಕಳೆದುಕೊಂಡಿತು. ತಿರುಗುಬಿರಡೆ ಮುರಿದು ಒಂದೇ ಕಡೆ ನಿಂತುಹೋದ ಹಳೆಯ ರೇಡಿಯೊ ಹಾಗೆ ಅದು ನೂರು ಹರ್ಟ್ಸ್‌ನಷ್ಟು ಇಕ್ಕಟ್ಟಾದ ಒಂದು ಕಿಂಡಿಯಲ್ಲಿ ಮಾತ್ರ ಕೇಳಿಸಿಕೊಳ್ಳಬಲ್ಲದು, ಅದರ ಮೇಲೆ ನೌಕೆಯೊಳಗಿನ ಉಷ್ಣಾಂಶ ಒಂದು ಡಿಗ್ರಿಯ ಸಣ್ಣ ಪಾಲಿನಷ್ಟು ಬದಲಾದರೂ ಆ ಕಿಂಡಿಯೇ ಜಾರಿಹೋಗುತ್ತದೆ. ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಮಾರ್ಗ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ನೌಕೆ ತನ್ನನ್ನು ಹೊಂದಿಸಿಕೊಳ್ಳಲಾರದಾದರೆ ಭೂಮಿಯೇ ಹೊಂದಿಕೊಳ್ಳಲಿ ಎಂದು ಅವರು ನಿರ್ಧರಿಸಿದರು. ಭೂಮಿಯ ತಿರುಗುವಿಕೆ, ನೌಕೆಯ ವೇಗ, ಅದರ ಒಳಗಿನ ಶಾಖ ಇವೆಲ್ಲವನ್ನೂ ಲೆಕ್ಕಹಾಕಿ, ಸಂಕೇತ ಅಲ್ಲಿಗೆ ತಲುಪುವ ಕ್ಷಣದಲ್ಲಿ ಸರಿಯಾಗಿ ಆ ಕಿಂಡಿಗೇ ಬೀಳುವಂತೆ ಪ್ರಸಾರದ ಆವರ್ತನವನ್ನು ಇಲ್ಲಿಂದಲೇ ಬದಲಿಸುತ್ತ ಹೋಗುವುದು. ಯಾವುದೋ ಉಪಕರಣ ಚಾಲೂ ಆಗಿ ಶಾಖ ಏರಿದರೆ, ಅದು ತಣಿದು ಸ್ಥಿರವಾಗುವವರೆಗೆ ಆದೇಶ ಕಳಿಸದೆ ಕಾಯುವುದು. ಶನಿ, ಯುರೇನಸ್, ನೆಪ್ಚೂನ್‌ಗಳ ಬಳಿ ಆ ನೌಕೆ ಕೇಳಿಸಿಕೊಂಡ ಒಂದೊಂದು ಆದೇಶವೂ ಹೀಗೆ ಗುರಿಯಿಟ್ಟು ಕಳಿಸಿದ್ದು.

ಅಷ್ಟಕ್ಕೇ ಮುಗಿಯಲಿಲ್ಲ. 1981ರ ಆಗಸ್ಟ್‌ನಲ್ಲಿ ಶನಿಯನ್ನು ಅತಿ ಸಮೀಪದಿಂದ ಹಾದುಹೋದ ಸ್ವಲ್ಪ ಹೊತ್ತಿಗೆ ಕ್ಯಾಮೆರಾಗಳನ್ನು ಹೊತ್ತ ತಿರುಗುವೇದಿಕೆ ಅಡ್ಡದಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿತು. ಅದೇ ಬಗೆಯ ಯಂತ್ರಭಾಗಗಳನ್ನು ಭೂಮಿಯ ಮೇಲೆ ಓಡಿಸಿ ನೋಡಿದಾಗ, ವೇಗವಾಗಿ ತಿರುಗಿಸಿದರೆ ಕೀಲೆಣ್ಣೆ ಗಾಲಿಯ ಅಚ್ಚಿನಿಂದ ಪಕ್ಕಕ್ಕೆ ಸರಿದು ಒಣಗಿ ಕಚ್ಚಿಕೊಳ್ಳುತ್ತದೆ ಎಂಬುದು ಗೊತ್ತಾಯಿತು. ನಿಧಾನವಾಗಿ ತಿರುಗಿಸಿದರೆ ತೊಂದರೆಯಿಲ್ಲ. ಮುಂದಿನ ಗುರಿಯಾದ ಯುರೇನಸ್ ಬಳಿ ಬಿಸಿಲು ಶನಿಯಲ್ಲಿದ್ದುದರ ಕಾಲುಭಾಗದಷ್ಟು ಮಾತ್ರ, ಆದ್ದರಿಂದ ಕ್ಯಾಮೆರಾದ ಕಣ್ಣು ಹೆಚ್ಚು ಹೊತ್ತು ತೆರೆದಿರಬೇಕು, ಆದರೆ ನೌಕೆ ಓಡುತ್ತಿರುವುದರಿಂದ ಚಿತ್ರ ಕಲಸಿಹೋಗುತ್ತದೆ. ಹಾಗಾಗಿ ಚಿತ್ರ ತೆಗೆಯುವಷ್ಟು ಹೊತ್ತು ಇಡೀ ನೌಕೆಯನ್ನೇ ಗುರಿಯ ಕಡೆ ಹಗುರವಾಗಿ ತಿರುಗಿಸುತ್ತ ಹೋಗುವ ಕ್ರಮವನ್ನು ಅದಕ್ಕೆ ಹೊಸದಾಗಿ ಕಲಿಸಲಾಯಿತು. ಬದಲಿಗೆಂದು ಇಟ್ಟಿದ್ದ ಎರಡನೆಯ ಕಂಪ್ಯೂಟರಿಗೆ ಚಿತ್ರಗಳನ್ನು ಅಡಕಗೊಳಿಸುವ ಕೆಲಸ ಕೊಡಲಾಯಿತು: ಪ್ರತಿ ಬಿಂದುವಿನ ಪೂರ್ಣ ಹೊಳಪನ್ನು ಕಳಿಸುವ ಬದಲು, ಪಕ್ಕದ ಬಿಂದುವಿಗೂ ಅದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಕಳಿಸುವುದು. 1986ರ ಜನವರಿ 24ರಂದು ಮಿರಾಂಡಾ ಎಂಬ ಪುಟ್ಟ ಚಂದ್ರನ ಸೀಳುಗಳನ್ನೂ ಕಡಿದಾದ ಬಂಡೆಗೋಡೆಗಳನ್ನೂ ನಮಗೆ ತೋರಿಸಿದ ಯಂತ್ರ, 1977ರಲ್ಲಿ ಹೊರಟ ಯಂತ್ರಕ್ಕಿಂತ ಜಾಣತನದಲ್ಲಿ ಮುಂದಿತ್ತು. ಅದರ ಲೋಹ ಹಳೆಯದಾಗುತ್ತಿದ್ದಂತೆ ಬುದ್ಧಿ ಹೊಸದಾಗುತ್ತಿತ್ತು. 1989ರ ಆಗಸ್ಟ್ 25ರಂದು ನೆಪ್ಚೂನನ್ನು ಹಾದು ಅದರ ಚಂದ್ರ ಟ್ರೈಟನ್‌ನ ನೈಟ್ರೋಜನ್ ಚಿಲುಮೆಗಳನ್ನು ಅದು ಕಂಡಾಗ, ಕ್ಷೀಣ ಸಂಕೇತವನ್ನು ಹಿಡಿಯಲು ಭೂಮಿಯ ಕಿವಿಗಳೂ ದೊಡ್ಡದಾಗಿದ್ದವು. 64 ಮೀಟರಿನ ಆಂಟೆನಾಗಳನ್ನು 70 ಮೀಟರಿಗೆ ಹಿಗ್ಗಿಸಲಾಗಿತ್ತು, ನ್ಯೂ ಮೆಕ್ಸಿಕೊದ 27 ರೇಡಿಯೊ ದೂರದರ್ಶಕಗಳ ಸಾಲನ್ನೂ ಜೊತೆಗೂಡಿಸಲಾಗಿತ್ತು. ಇಂದಿನವರೆಗೂ ಯುರೇನಸ್, ನೆಪ್ಚೂನ್‌ಗಳನ್ನು ಸಮೀಪಿಸಿದ ನೌಕೆ ಇದೊಂದೇ.

ಎಲ್ಲ ಆರೈಕೆಯೂ ಫಲಿಸುವುದಿಲ್ಲ. ಗೆಲಿಲಿಯೊ ನೌಕೆಯ ಕಥೆ ಅದಕ್ಕೆ ಸಾಕ್ಷಿ, ಮತ್ತು ಇವೆಲ್ಲವುಗಳಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಲಕುವುದೂ ಅದೇ. ಗುರುವಿನ ಸುತ್ತ ಸುತ್ತಬೇಕಿದ್ದ ಈ ನೌಕೆ 1986ರಲ್ಲೇ ಹಾರಬೇಕಿತ್ತು. ಆ ವರ್ಷದ ಜನವರಿಯಲ್ಲಿ ಗಗನಯಾತ್ರಿಗಳನ್ನು ಹೊತ್ತ ಚಾಲೆಂಜರ್ ಶಟಲ್‌ನ ದುರಂತ ಸಂಭವಿಸಿ, ಗೆಲಿಲಿಯೊವನ್ನು ಒಯ್ಯಬೇಕಿದ್ದ ಶಟಲ್ ಹಾರಾಟಗಳು ನಿಂತವು. ನೌಕೆಯನ್ನು ಲಾರಿಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಮರಳಿ ತಂದು, ವರ್ಷಗಳ ಕಾಲ ಇಟ್ಟು, ಮತ್ತೆ ಫ್ಲೋರಿಡಾಕ್ಕೆ ಒಯ್ಯಬೇಕಾಯಿತು. 1989ರ ಅಕ್ಟೋಬರ್ 18ರಂದು ಅದು ಕೊನೆಗೂ ಹೊರಟಿತು. 4.8 ಮೀಟರ್ ಅಗಲದ ಮುಖ್ಯ ಆಂಟೆನಾ ಹದಿನೆಂಟು ಕಡ್ಡಿಗಳ ಕೊಡೆಯಂತೆ ಮಡಚಿಕೊಂಡಿತ್ತು. 1991ರ ಏಪ್ರಿಲ್ 11ರಂದು ಅದನ್ನು ಬಿಚ್ಚಲು ಆದೇಶ ಹೋದಾಗ ಮೋಟಾರುಗಳು ಏದುಸಿರು ಬಿಟ್ಟು ನಿಂತವು. ಕೆಲವು ಕಡ್ಡಿಗಳು ನಡುಗಂಬಕ್ಕೆ ಕಚ್ಚಿಕೊಂಡಿದ್ದವು. ಲಾರಿ ಪ್ರಯಾಣಗಳ ಕುಲುಕಾಟದಲ್ಲಿ ಕಡ್ಡಿಗಳ ಮೇಲಿನ ಒಣ ಲೇಪ ಸವೆದುಹೋಗಿರಬೇಕು ಎಂಬುದು ತನಿಖೆಯಲ್ಲಿ ಹೊರಬಂದ ಕಾರಣ. ಬಾಹ್ಯಾಕಾಶದ ವಿಕಿರಣವನ್ನೂ ಚಳಿಯನ್ನೂ ತಡೆಯುವಂತೆ ಕಟ್ಟಿದ ಯಂತ್ರವೊಂದು ರಸ್ತೆಯ ಮೇಲೆ ಪೆಟ್ಟು ತಿಂದಿತ್ತು.

ನೌಕೆಯನ್ನು ಸೂರ್ಯನತ್ತ ತಿರುಗಿಸಿ ಕಾಯಿಸಿದರು, ನೆರಳಿಗೆ ತಂದು ತಣಿಸಿದರು, ಲೋಹ ಹಿಗ್ಗಿ ಕುಗ್ಗುವಾಗಲಾದರೂ ಕಡ್ಡಿಗಳು ಜಾರಿ ಬಿಡುಗಡೆಯಾಗಬಹುದೆಂದು ಕಾದರು. ಮೋಟಾರುಗಳನ್ನು ಚಿಟಿಕೆ ಹೊಡೆದಷ್ಟು ಹೊತ್ತು ಚಾಲೂ ಮಾಡಿ ಆರಿಸಿ, ಸುತ್ತಿಗೆಯ ಪೆಟ್ಟಿನಂತೆ 13,000ಕ್ಕೂ ಹೆಚ್ಚು ಬಾರಿ ಬಡಿದರು. ಆಂಟೆನಾ ಬಿಚ್ಚಲೇ ಇಲ್ಲ. ಸೆಕೆಂಡಿಗೆ 1,34,000 ಬಿಟ್‌ಗಳಷ್ಟು ಮಾಹಿತಿ ಕಳಿಸಬೇಕಿದ್ದ ನೌಕೆಗೆ ಉಳಿದದ್ದು ಸೆಕೆಂಡಿಗೆ ಹತ್ತಿಪ್ಪತ್ತು ಬಿಟ್‌ಗಳ ಚಿಕ್ಕ ಆಂಟೆನಾ. ಆಗ ಅವರು ಆಂಟೆನಾವನ್ನು ಕೈಬಿಟ್ಟು ಯಾನವನ್ನು ಹಿಡಿದುಕೊಂಡರು. ನೌಕೆಯ ತಂತ್ರಾಂಶವನ್ನೆಲ್ಲ ಹೊಸದಾಗಿ ಬರೆದರು, ಚಿತ್ರಗಳನ್ನು ಅಡಕಗೊಳಿಸುವ ವಿಧಾನಗಳನ್ನು ಅಳವಡಿಸಿದರು, ಭೂಮಿಯ ಹಲವು ಆಂಟೆನಾಗಳನ್ನು ಒಂದಾಗಿಸಿದರು, ಟೇಪ್ ರೆಕಾರ್ಡರಿನಲ್ಲಿ ತುಂಬಿಟ್ಟುಕೊಂಡು ತಿಂಗಳುಗಟ್ಟಲೆ ನಿಧಾನವಾಗಿ ಕಳಿಸುವಂತೆ ಯೋಜಿಸಿದರು. ವೇಗ ಗರಿಷ್ಠ 160 ಬಿಟ್‌ಗಳಿಗೆ ಏರಿತು.

ಅಷ್ಟರಲ್ಲಿ ಆ ಟೇಪ್ ರೆಕಾರ್ಡರೇ ಕೈಕೊಟ್ಟಿತು. ಗುರುವನ್ನು ತಲುಪಲು ಎರಡು ತಿಂಗಳೂ ಉಳಿದಿಲ್ಲದ 1995ರ ಅಕ್ಟೋಬರ್‌ನಲ್ಲಿ ಅದು ಸಿಕ್ಕಿಕೊಂಡಿತು. ಪರೀಕ್ಷಿಸಿ ನೋಡಿ, ಟೇಪಿನ ದುರ್ಬಲಗೊಂಡಿರಬಹುದಾದ ಭಾಗವನ್ನು ಬಳಸದಂತೆ ಬೇಲಿ ಹಾಕಿ ಅದನ್ನು ಮತ್ತೆ ಕೆಲಸಕ್ಕೆ ಹಚ್ಚಿದರಾದರೂ, ಡಿಸೆಂಬರ್ 7ರಂದು ಗುರುವನ್ನು ಸೇರುವ ದಿನ ಅಯೊ ಎಂಬ ಜ್ವಾಲಾಮುಖಿಗಳ ಚಂದ್ರನನ್ನು ಹತ್ತಿರದಿಂದ ತೆಗೆಯಬೇಕಿದ್ದ ಚಿತ್ರಗಳನ್ನು ರದ್ದುಮಾಡಿದರು. ಅದೇ ದಿನ ಗುರುವಿನ ವಾತಾವರಣಕ್ಕೆ ಧುಮುಕಲಿದ್ದ, ಗೆಲಿಲಿಯೊ ತನ್ನೊಡನೆ ತಂದಿದ್ದ ಶೋಧಕೋಶದ ಮಾಹಿತಿಯನ್ನು ದಾಖಲಿಸಲು ರೆಕಾರ್ಡರ್ ಬದುಕಿರಬೇಕಿತ್ತು, ಆ ಅವಕಾಶ ಇನ್ನೊಮ್ಮೆ ಬರುವಂತಿರಲಿಲ್ಲ. ವರ್ಷಗಟ್ಟಲೆ ಕಾದ ಚಿತ್ರಗಳನ್ನು ಹೀಗೆ ತಾವಾಗಿಯೇ ಬಿಟ್ಟುಕೊಡುವುದಕ್ಕೆ ಬೇಕಾದ ದೃಢತೆಯನ್ನು ನಾನು ಯಾವ ಸಾಹಸಕ್ಕಿಂತಲೂ ಕಡಿಮೆಯೆಂದು ಎಣಿಸಲಾರೆ. ಶೋಧಕೋಶದ ಮಾಹಿತಿ ಪೂರ್ತಿಯಾಗಿ ಸಿಕ್ಕಿತು. ಗುರುವಿನ ಇನ್ನೊಂದು ಚಂದ್ರ ಯುರೋಪಾದ ಹಿಮದಡಿ ಉಪ್ಪುನೀರಿನ ಸಾಗರ ಇರಬೇಕೆಂಬ ಬಲವಾದ ಸುಳಿವು ಗೆಲಿಲಿಯೊದ ಕಾಂತಮಾಪಕದಿಂದಲೇ ಬಂತು. 2003ರ ಸೆಪ್ಟೆಂಬರ್‌ನಲ್ಲಿ, ಭೂಮಿಯ ಸೂಕ್ಷ್ಮಜೀವಿಗಳು ಅಕಸ್ಮಾತ್ ಆ ಸಾಗರವನ್ನು ಸೇರದಿರಲೆಂದು, ನೌಕೆಯನ್ನು ಗುರುವಿನೊಳಗೇ ಬೀಳಿಸಲಾಯಿತು.

ಕೆಟ್ಟದ್ದನ್ನು ಸರಿಪಡಿಸುವುದು ಒಂದು ಬಗೆಯಾದರೆ, ಕೆಟ್ಟಿದೆ ಎಂದು ಯಾರಿಗೂ ಗೊತ್ತಿಲ್ಲದ್ದನ್ನು ಹುಡುಕಿ ತೆಗೆಯುವುದು ಇನ್ನೊಂದು ಬಗೆ. 1997ರ ಅಕ್ಟೋಬರ್‌ನಲ್ಲಿ ಶನಿಯತ್ತ ಹೊರಟ ಕ್ಯಾಸಿನಿ ತನ್ನ ಮೇಲೆ ಹ್ಯೂಗೆನ್ಸ್ ಎಂಬ ಯುರೋಪಿನ ಶೋಧಕೋಶವನ್ನು ಹೊತ್ತಿತ್ತು. ಹ್ಯೂಗೆನ್ಸ್ ಶನಿಯ ಚಂದ್ರ ಟೈಟನ್‌ನ ದಟ್ಟ ವಾತಾವರಣದಲ್ಲಿ ಇಳಿಯುತ್ತ ಕಳಿಸುವ ಸಂಕೇತವನ್ನು ಮೇಲೆ ಹಾದುಹೋಗುವ ಕ್ಯಾಸಿನಿ ಹಿಡಿದು ಭೂಮಿಗೆ ದಾಟಿಸಬೇಕಿತ್ತು. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಎಂಜಿನಿಯರ್ ಬೋರಿಸ್ ಸ್ಮೆಡ್ಸ್ ಅವರು ಇಳಿಯುವ ದಿನದ ಪರಿಸ್ಥಿತಿಯನ್ನು, ಡಾಪ್ಲರ್ ಪರಿಣಾಮದ ಸಮೇತ, ಭೂಮಿಯಿಂದಲೇ ಅನುಕರಿಸಿ ಪರೀಕ್ಷಿಸಬೇಕೆಂದು ಪಟ್ಟುಹಿಡಿದರು. 2000ದ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್ ಆಂಟೆನಾದಿಂದ ಅಂಥ ಸಂಕೇತವನ್ನು ಕಳಿಸಿದಾಗ ಕ್ಯಾಸಿನಿ ಹಿಡಿದುಕೊಟ್ಟದ್ದು ಅರ್ಥವಿಲ್ಲದ ಅಂಕಿಗಳ ರಾಶಿ. ವಾಹಕ ತರಂಗದ ಪಲ್ಲಟವನ್ನು ಗ್ರಾಹಕ ಸಹಿಸಿಕೊಳ್ಳುತ್ತಿತ್ತು, ಆದರೆ ಅದರ ಮೇಲೆ ಸವಾರಿ ಮಾಡುವ ದತ್ತಾಂಶದ ಲಯವೂ ಅದೇ ಪ್ರಮಾಣದಲ್ಲಿ ಬದಲಾಗುತ್ತದೆ ಎಂಬುದಕ್ಕೆ ಅವಕಾಶ ಇಟ್ಟಿರಲಿಲ್ಲ. ಆ ಭಾಗದ ತಂತ್ರಾಂಶವನ್ನು ಉಡಾವಣೆಯ ನಂತರ ಬದಲಿಸುವಂತೆಯೂ ಇರಲಿಲ್ಲ. ಹಾಗೇ ಬಿಟ್ಟಿದ್ದರೆ ಹ್ಯೂಗೆನ್ಸ್ ಟೈಟನ್ ಮೇಲೆ ಇಳಿದು ಹೇಳಿದ ಮಾತಿನ ಬಹುಭಾಗ ಯಾರಿಗೂ ಅರ್ಥವಾಗದೆ ಹೋಗುತ್ತಿತ್ತು.

ಯಂತ್ರವನ್ನು ಬದಲಿಸಲಾಗದಾಗ ಅವರು ದಾರಿಯನ್ನೇ ಬದಲಿಸಿದರು. ಹ್ಯೂಗೆನ್ಸ್ ಇಳಿಯುವ ದಿನವನ್ನು ಮುಂದಕ್ಕೆ ಹಾಕಿ, ಕ್ಯಾಸಿನಿ ಟೈಟನ್‌ನಿಂದ ಸುಮಾರು 60,000 ಕಿಲೋಮೀಟರ್ ದೂರದಲ್ಲಿ ಪಕ್ಕಕ್ಕೆ ಹಾಯುವಂತೆ ಕಕ್ಷೆಯನ್ನು ತಿದ್ದಿದರು. ನೇರವಾಗಿ ಎದುರಿಗೆ ಬರುವ ವೇಗ ಕಡಿಮೆಯಾದ್ದರಿಂದ ಡಾಪ್ಲರ್ ಪಲ್ಲಟವೂ ಗ್ರಾಹಕದ ಮಿತಿಯೊಳಗೆ ಬಂತು. 2005ರ ಜನವರಿ 14ರಂದು ಹ್ಯೂಗೆನ್ಸ್ ಟೈಟನ್‌ನ ನೆಲವನ್ನು ಮುಟ್ಟಿ, ಉರುಟಾದ ಹಿಮಗಲ್ಲುಗಳ ಚಿತ್ರವನ್ನು ಕಳಿಸಿತು. ಆ ದಿನವೂ ಒಂದು ಲೋಪ ಉಳಿದಿತ್ತು. ಎರಡು ವಾಹಿನಿಗಳಲ್ಲಿ ಒಂದರ ಗ್ರಾಹಕವನ್ನು ಚಾಲೂ ಮಾಡುವ ಆದೇಶ ಕ್ಯಾಸಿನಿಯ ಆದೇಶಪಟ್ಟಿಯಲ್ಲಿ ಬಿಟ್ಟುಹೋಗಿತ್ತು. ಅರ್ಧದಷ್ಟು ಚಿತ್ರಗಳು ಹಾಗೆ ಕಳೆದುಹೋದವು. ಗಾಳಿಯ ವೇಗದ ಅಳತೆಗಳು ಮಾತ್ರ, ಹ್ಯೂಗೆನ್ಸ್‌ನ ಸಂಕೇತವನ್ನು ನೇರವಾಗಿ ಆಲಿಸುತ್ತಿದ್ದ ಭೂಮಿಯ ರೇಡಿಯೊ ದೂರದರ್ಶಕಗಳಿಂದಾಗಿ ಉಳಿದವು. ನೂರಾರು ಕಣ್ಣುಗಳು ಕಾಯುತ್ತಿದ್ದ ಕೆಲಸದಲ್ಲೂ ಒಂದು ಸಾಲು ತಪ್ಪಿಹೋಗಬಹುದು ಎಂಬುದು ನನಗೆ ಭಯ ಹುಟ್ಟಿಸುತ್ತದೆ. ಕಳಚಿಕೊಂಡ ಎಳೆಯನ್ನು ಬೇರೆ ಯಾರೋ ಹಿಡಿದುಕೊಂಡಿರುತ್ತಾರೆ ಎಂಬುದು ಅಷ್ಟೇ ಸಮಾಧಾನವನ್ನೂ ಕೊಡುತ್ತದೆ.

ಪ್ಲೂಟೊವನ್ನು ಸಮೀಪಿಸಲು ಹತ್ತು ದಿನಗಳಿದ್ದಾಗ, 2015ರ ಜುಲೈ 4ರಂದು, ನ್ಯೂ ಹೊರೈಜನ್ಸ್ ನೌಕೆ ಒಂದು ಗಂಟೆಗೂ ಹೆಚ್ಚು ಹೊತ್ತು ಮೌನವಾಯಿತು. ಚಿತ್ರಗಳನ್ನು ಅಡಕಗೊಳಿಸುವ ಕೆಲಸ ಮತ್ತು ಹೊಸ ಆದೇಶಗಳನ್ನು ಬರೆದುಕೊಳ್ಳುವ ಕೆಲಸ ಒಟ್ಟಿಗೆ ಬಿದ್ದು ಕಂಪ್ಯೂಟರ್ ಸೋತಿತ್ತು. ಒಂದು ಪ್ರಶ್ನೆಗೆ ಉತ್ತರ ಬರಲು ಒಂಬತ್ತು ಗಂಟೆ ಬೇಕಿದ್ದ ಆ ದೂರದಲ್ಲಿ, ಮೂರೇ ದಿನಗಳಲ್ಲಿ ಎಲ್ಲವನ್ನೂ ಮರಳಿ ಜೋಡಿಸಿ, ಜುಲೈ 14ರ ಭೇಟಿಗೆ ನೌಕೆಯನ್ನು ಸಿದ್ಧಗೊಳಿಸಿದರು. ಗುರುವಿನ ಸುತ್ತ ಸುತ್ತುತ್ತಿರುವ ಜೂನೊ ನೌಕೆಯ ಬಣ್ಣದ ಕ್ಯಾಮೆರಾ ವಿಕಿರಣದ ಹೊಡೆತಕ್ಕೆ ಮಂಕಾದಾಗ ಮಾಡಿದ ಚಿಕಿತ್ಸೆ ಇನ್ನೂ ಸರಳ: ಅದರ ಹೀಟರನ್ನು ಏರಿಸಿ, ಒಳಗಿನ ಸಿಲಿಕಾನ್ ಬೆಚ್ಚಗಾಗಿ ಹಾನಿ ಮಾಯುವುದೇ ಎಂದು ಕಾದರು. 2023ರ ಡಿಸೆಂಬರ್ 30ರಂದು ಅಯೊದಿಂದ 1,500 ಕಿಲೋಮೀಟರ್ ದೂರದಲ್ಲಿ ಹಾಯುವ ಹೊತ್ತಿಗೆ ಕ್ಯಾಮೆರಾ ಬಹುಮಟ್ಟಿಗೆ ಮೊದಲಿನಂತೆ ನೋಡುತ್ತಿತ್ತು.

ಆದರೆ ಈ ವಿದ್ಯೆಯ ಶಿಖರ ನನ್ನ ದೃಷ್ಟಿಯಲ್ಲಿ ವಾಯೇಜರ್ 2ರ ಜೋಡಿನೌಕೆ ವಾಯೇಜರ್ 1. 2023ರ ನವೆಂಬರ್ 14ರಿಂದ ಅದು ಕಳಿಸುತ್ತಿದ್ದುದು ಒಂದೇ ಮಾದರಿಯಲ್ಲಿ ಮರುಕಳಿಸುವ ಒಂದು ಮತ್ತು ಸೊನ್ನೆಗಳನ್ನು. ನೌಕೆ ಆಗ ಸುಮಾರು 2,400 ಕೋಟಿ ಕಿಲೋಮೀಟರ್ ದೂರದಲ್ಲಿತ್ತು, ಸಂಕೇತ ಒಂದು ದಿಕ್ಕಿಗೆ ಹೋಗಲು ಇಪ್ಪತ್ತೆರಡೂವರೆ ಗಂಟೆ. ಅದನ್ನು ಕಟ್ಟಿದವರಲ್ಲಿ ಬಹಳ ಮಂದಿ ನಿವೃತ್ತರಾಗಿದ್ದರು, ಕೆಲವರು ತೀರಿಕೊಂಡಿದ್ದರು; ಉಳಿದದ್ದು ದಶಕಗಳ ಹಿಂದಿನ ಕಾಗದಪತ್ರಗಳು. ಮಾಹಿತಿಯನ್ನು ಜೋಡಿಸುವ ಕಂಪ್ಯೂಟರಿನಲ್ಲಿ ದೋಷವಿದೆ ಎಂದು ಊಹಿಸಿ, 2024ರ ಮಾರ್ಚ್ 1ರಂದು ಅದಕ್ಕೆ ಹಗುರವಾಗಿ ಕೆಣಕುವಂಥ ಒಂದು ಆದೇಶ ಕಳಿಸಿದರು. ಮೂರನೆಯ ತಾರೀಖು ಬಂದ ಉತ್ತರ ವಿಚಿತ್ರವಾಗಿತ್ತು, ಆದರೆ ಹಿಂದಿನದಕ್ಕಿಂತ ಬೇರೆಯಾಗಿತ್ತು. ಆಂಟೆನಾ ಜಾಲದ ಎಂಜಿನಿಯರೊಬ್ಬರು ಅದನ್ನು ಬಿಡಿಸಿ ನೋಡಿದಾಗ ಆ ಕಂಪ್ಯೂಟರಿನ ಇಡೀ ಸ್ಮೃತಿಯ ಪ್ರತಿ ಅದರಲ್ಲಿತ್ತು. ಕೆಡುವ ಮೊದಲಿನ ಪ್ರತಿಯೊಂದಿಗೆ ಹೋಲಿಸಿದರು. ಸ್ಮೃತಿಯ ಶೇಕಡ ಮೂರರಷ್ಟು ಭಾಗ ಹಾಳಾಗಿತ್ತು, ಅದಕ್ಕೆ ಕಾರಣ ಒಂದೇ ಒಂದು ಚಿಪ್ ಎಂಬುದು ತಿಳಿಯಿತು. ಆ ಚಿಪ್ಪಿನಲ್ಲಿದ್ದ ಕ್ರಮವಿಧಿಯನ್ನು ಬೇರೆಡೆ ಇಡಬೇಕು, ಆದರೆ ಅದು ಪೂರ್ತಿಯಾಗಿ ಹಿಡಿಸುವಷ್ಟು ಖಾಲಿ ಜಾಗ ಎಲ್ಲೂ ಇಲ್ಲ. ಹಾಗಾಗಿ ಅದನ್ನು ತುಂಡುಮಾಡಿ, ಸಂದುಗೊಂದುಗಳಲ್ಲಿ ಸೇರಿಸಿ, ತುಂಡುಗಳು ಪರಸ್ಪರ ಹುಡುಕಿಕೊಳ್ಳುವಂತೆ ವಿಳಾಸಗಳನ್ನೆಲ್ಲ ತಿದ್ದಿದರು. ಏಪ್ರಿಲ್ 18ರಂದು ಕಳಿಸಿದ ಈ ತಿದ್ದುಪಡಿಗೆ 20ರಂದು ಉತ್ತರ ಬಂತು. ಐದು ತಿಂಗಳ ನಂತರ ನೌಕೆ ತನ್ನ ಆರೋಗ್ಯದ ವರದಿಯನ್ನು ಅರ್ಥವಾಗುವ ಮಾತಿನಲ್ಲಿ ಹೇಳಿತು.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಮುಖ್ಯವೆನಿಸುವುದು ಕಟ್ಟುವವರ ಮನೋಧರ್ಮ. ವಾಯೇಜರ್ ಕಟ್ಟಿದವರಿಗೆ ಇಂಥದೇ ಚಿಪ್ ಕೆಡುತ್ತದೆಂದು ಗೊತ್ತಿರಲಿಲ್ಲ, ಆದರೆ ಏನೋ ಒಂದು ಕೆಡುತ್ತದೆ ಎಂಬುದು ಗೊತ್ತಿತ್ತು. ಅದಕ್ಕಾಗಿ ಮುಖ್ಯ ಭಾಗಗಳಿಗೆ ಜೋಡಿಗಳನ್ನು ಇಟ್ಟರು, ತಂತ್ರಾಂಶವನ್ನು ದೂರದಿಂದ ತಿದ್ದಲು ಬಾಗಿಲು ತೆರೆದಿಟ್ಟರು. ಹ್ಯೂಗೆನ್ಸ್‌ನ ಸಂಕೇತ ಹಿಡಿಯುವ ಕ್ಯಾಸಿನಿಯ ಗ್ರಾಹಕದಲ್ಲಿ ಆ ಬಾಗಿಲು ಮುಚ್ಚಿದ್ದರಿಂದಲೇ ಒಂದು ನೌಕೆಯ ಪಥವನ್ನೇ ಬದಲಿಸಬೇಕಾಯಿತು. ಯಾವ ಭಾಗವನ್ನೂ ಮುಂದೆಂದೂ ಬದಲಿಸಬೇಕಾಗುವುದಿಲ್ಲ ಎಂದು ತೀರ್ಮಾನಿಸಿಬಿಡುವ ಆತ್ಮವಿಶ್ವಾಸ ಹೊರಗ್ರಹಗಳ ದಾರಿಯಲ್ಲಿ ಅಪಾಯಕಾರಿ.

ಆರೈಕೆಗೂ ಒಂದು ಎಲ್ಲೆಯಿದೆ. ವಾಯೇಜರ್‌ಗಳಿಗೆ ವಿದ್ಯುತ್ ಬರುವುದು ಪ್ಲುಟೋನಿಯಂ 238ರ ಶಾಖದಿಂದ. ಹೊರಟಾಗ ಸುಮಾರು 470 ವಾಟ್ ಇದ್ದದ್ದು ವರ್ಷಕ್ಕೆ ಸುಮಾರು 4 ವಾಟ್‌ನಂತೆ ಇಳಿಯುತ್ತಿದೆ. ಈ ಕೊರತೆಯನ್ನು ಯಾವ ಆದೇಶವೂ ತುಂಬಲಾರದು, ಇರುವುದನ್ನು ಹಂಚಿಕೊಳ್ಳಬಹುದಷ್ಟೆ. 2025ರ ಫೆಬ್ರವರಿಯಲ್ಲಿ ವಾಯೇಜರ್ 1ರ ವಿಶ್ವಕಿರಣ ಮಾಪಕವನ್ನೂ ಮಾರ್ಚ್‌ನಲ್ಲಿ ವಾಯೇಜರ್ 2ರ ಇನ್ನೊಂದು ಉಪಕರಣವನ್ನೂ ಆರಿಸಲಾಯಿತು. ಅದೇ ಮಾರ್ಚ್‌ನಲ್ಲಿ, 2004ರಿಂದ ಸತ್ತೇಹೋಗಿವೆ ಎಂದು ಕೈಬಿಟ್ಟಿದ್ದ ವಾಯೇಜರ್ 1ರ ಥ್ರಸ್ಟರುಗಳನ್ನು (ನೌಕೆಯನ್ನು ತಿರುಗಿಸಿ ನಿಲ್ಲಿಸುವ ಪುಟ್ಟ ಎಂಜಿನ್‌ಗಳು) ಅದೇ ತಂಡ ಮತ್ತೆ ಜೀವಂತಗೊಳಿಸಿತು. ಅವುಗಳ ಹೀಟರುಗಳು ನಿಂತಿದ್ದಕ್ಕೆ ಯಾವುದೋ ಸ್ವಿಚ್ಚು ತಪ್ಪು ಸ್ಥಾನಕ್ಕೆ ಹೊರಳಿರುವುದು ಕಾರಣವಿರಬಹುದೆಂದು ಇಪ್ಪತ್ತು ವರ್ಷಗಳ ಬಳಿಕ ಯಾರೋ ಹೊಸದಾಗಿ ಯೋಚಿಸಿದ್ದರು.

2022ರಲ್ಲಿ ಅಮೆರಿಕದ ವಿಜ್ಞಾನಿಗಳ ದಶವಾರ್ಷಿಕ ಸಮೀಕ್ಷೆ ಯುರೇನಸ್‌ನ ಸುತ್ತ ಸುತ್ತುವ ನೌಕೆಯೊಂದನ್ನು ಮುಂದಿನ ದೊಡ್ಡ ಯಾನವಾಗಿ ಎಲ್ಲಕ್ಕಿಂತ ಮೊದಲು ಶಿಫಾರಸು ಮಾಡಿದೆ. ಅದು ಹೊರಟರೂ ತಲುಪಲು ಹತ್ತು ವರ್ಷಗಳಿಗಿಂತ ಹೆಚ್ಚು ಬೇಕು, ತಲುಪಿದ ಮೇಲೆ ಅದನ್ನು ನೋಡಿಕೊಳ್ಳಬೇಕಾದವರಲ್ಲಿ ಅನೇಕರು ಇನ್ನೂ ಶಾಲೆಯಲ್ಲಿದ್ದಾರೆ. ವಿನ್ಯಾಸಕಾರರು ಪ್ರತಿಯೊಂದು ಭಾಗವನ್ನು ಹೇಗೆ ಕಟ್ಟಿದೆವು ಎಂಬುದರ ಜೊತೆಗೆ ಹಾಗೆಯೇ ಏಕೆ ಕಟ್ಟಿದೆವು, ಯಾವ ಅನುಮಾನ ನಮಗಿತ್ತು, ಯಾವುದನ್ನು ಪರೀಕ್ಷಿಸದೆ ಬಿಟ್ಟೆವು ಎಂಬುದನ್ನೂ ಆ ಮಕ್ಕಳಿಗಾಗಿ ಈಗಲೇ ಬರೆದಿಡಬೇಕು. ನೌಕೆ ಕೆಟ್ಟ ದಿನ ಅವರು ಮೊದಲು ತೆರೆಯುವುದು ಆ ಪುಟಗಳನ್ನು.